ಮಾನಿಟರ್ ಆಮೇಲೆ, ಮೊದಲು ಟೇಪು

ಕಣ್ಣು–ಕನ್ನಡಕ: ಓದುಗರ ಪ್ರಶ್ನೆಗಳಿಗೆ ಮುಂಬಯಿ ಮಾಟುಂಗಾದ ಕನ್ನಡಕದಂಗಡಿಯಿಂದ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೀಗ 59. ಊರು ಕುಂದಾಪುರದ ಹತ್ತಿರ, ಇರುವುದು ಡೊಂಬಿವಲಿ ಪೂರ್ವ. ಕಳಂಬೋಲಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ನೋಡಿಕೊಂಡಿದ್ದು ಕಳೆದ ವರ್ಷ ನಿವೃತ್ತನಾದೆ. ಜೀವಮಾನವಿಡೀ ಲಾರಿ ಕಳಿಸಿದವನು, ಒಂದು ದಿನವೂ ಓಡಿಸಿದವನಲ್ಲ. ಈಗ ಮಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಎಂಬ ಲಾರಿ ಓಡಿಸುವ ಆಟ ಆಡುತ್ತೇನೆ. ಮೇಜಿಗೆ ಬಿಗಿಯುವ ಸ್ಟೀರಿಂಗ್, ಪೆಡಲ್ ಎಲ್ಲ ತಂದುಕೊಂಡಿದ್ದೇನೆ. ತೊಂದರೆ ಏನೆಂದರೆ, ಮೂಲೆಯ ನಕ್ಷೆಯಲ್ಲಿ ಎಷ್ಟು ಕಿಲೋಮೀಟರ್ ಉಳಿದಿದೆ ಎಂಬುದು ಓದಲಾಗುವುದಿಲ್ಲ. ಹೆದ್ದಾರಿಯ ಬೋರ್ಡು ತೀರಾ ಹತ್ತಿರ ಬಂದ ಮೇಲೇ ಗೊತ್ತಾಗುತ್ತದೆ, ಅಷ್ಟರಲ್ಲಿ ತಿರುವು ತಪ್ಪಿರುತ್ತದೆ. ರಾತ್ರಿ ಓಡಿಸಿದರೆ ಎಲ್ಲ ಮಸಿ. ಒಂದು ತಾಸು ಕೂತರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಮಾನಿಟರ್ 24 ಇಂಚು, 1080ಪಿ (ಮೇಲಿಂದ ಕೆಳಕ್ಕೆ 1080 ಸಾಲು ಚುಕ್ಕೆ). ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3060. ಕನ್ನಡಕ ಪ್ರೊಗ್ರೆಸಿವ್, ಚೀಟಿಯ ಪ್ರತಿ ಇಟ್ಟಿದ್ದೇನೆ. 27 ಇಂಚಿನ 4ಕೆ, ಅಂದರೆ ಇದರ ನಾಲ್ಕು ಪಟ್ಟು ಚುಕ್ಕೆಗಳದ್ದು, ತೆಗೆದುಕೋ ಎನ್ನುತ್ತಾನೆ ಮಗ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯವನು 34 ಇಂಚಿನ ಅಗಲದ ಬಾಗು ಪರದೆ ತೋರಿಸಿದ. ‘ಕಣ್ಣಿಗೆ ತಕ್ಕ ಆಟ ಆಡಿ’ ಎನ್ನುತ್ತಾಳೆ ಹೆಂಡತಿ. ಮೂವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಯಾವುದು ಕೊಳ್ಳಲಿ?
— ಕೆ. ಎಸ್., ಡೊಂಬಿವಲಿ

ಉತ್ತರ: ಕೆ. ಎಸ್. ಅಣ್ಣ, ಇಷ್ಟೆಲ್ಲ ವಿವರವಾಗಿ ಬರೆದ ನೀವು ಒಂದು ಸಂಖ್ಯೆ ಮಾತ್ರ ಬಿಟ್ಟಿದ್ದೀರಿ. ಅದಕ್ಕೇ ನಮ್ಮ ಅಂಗಡಿಯ ಹುಡುಗನಿಂದ ಫೋನ್ ಮಾಡಿಸಿ, ನೀವು ಆಟಕ್ಕೆ ಕೂತ ಹಾಗೆಯೇ ಕೂತು, ಕಣ್ಣಿಂದ ಪರದೆಗೆ ಎಷ್ಟು ದೂರ ಎಂದು ಅತ್ತಿಗೆಯವರ ಕೈಲಿ ಟೇಪು ಹಿಡಿಸಿ ಅಳೆಸಿದ್ದು. ಬಂದ ಉತ್ತರ 85 ಸೆಂಟಿಮೀಟರ್. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಮೇಜಿನ ಆಳ ಎರಡಡಿ ಎಂದು ಫೋನಿನಲ್ಲಿ ಹೇಳಿದಿರಂತೆ. ಬರೀ ಕೀಬೋರ್ಡು ಇಟ್ಟು ಕೂತಿದ್ದರೆ ಪರದೆ 55–60 ಸೆಂಟಿಮೀಟರಿಗೆ ಬರುತ್ತಿತ್ತು. ಸ್ಟೀರಿಂಗ್ ಬಿಗಿದ ಮೇಲೆ ಕುರ್ಚಿ ಹಿಂದಕ್ಕೆ ಹೋಯಿತು, ಪೆಡಲಿಗೆ ಕಾಲು ಚಾಚಲು ಇನ್ನಷ್ಟು ಹಿಂದೆ. ಮಗ ಆ ಪರದೆಯನ್ನು ಕೊಂಡದ್ದು ತನ್ನ ಕೂರುವ ದೂರಕ್ಕೆ, ತನ್ನ ವಯಸ್ಸಿಗೆ. ನೀವು ಅದನ್ನೇ ಮೂರಡಿ ಹತ್ತಿರ ಹತ್ತಿರ ದೂರದಿಂದ ನೋಡುತ್ತಿದ್ದೀರಿ.

ಈಗ ನಿಮ್ಮ ಚೀಟಿ. ದೂರದ ನೋಟಕ್ಕೆ ಎರಡೂ ಕಣ್ಣಿಗೆ –0.75, ಓದಲು ಅದರ ಮೇಲೆ +2.25. ಆ +2.25 ಇರುವುದು 40–45 ಸೆಂಟಿಮೀಟರ್ ದೂರದ ಪತ್ರಿಕೆಗೆ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತಾ ಬಂದು ಬೇಕಾದ ಹಾಗೆ ಉಬ್ಬುವುದನ್ನು ಬಿಡುತ್ತದೆ. ಅರವತ್ತರ ಹತ್ತಿರ ಆ ಶಕ್ತಿ ಹೆಚ್ಚುಕಡಿಮೆ ಮುಗಿದ ಹಾಗೆ. ಆಗ ಪ್ರತಿಯೊಂದು ದೂರಕ್ಕೂ ಕನ್ನಡಕವೇ ಆ ಕೆಲಸ ಮಾಡಿಕೊಡಬೇಕು. ಲೆಕ್ಕ ಸುಲಭ: ಒಂದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿ. 85 ಸೆಂಟಿಮೀಟರಿಗೆ 1 ÷ 0.85, ಅಂದರೆ ಸುಮಾರು 1.2. ಕನ್ನಡಕದ ನಂಬರ್ 0.25ರ ಹೆಜ್ಜೆಯಲ್ಲಿ ಸಿಗುವುದರಿಂದ 1.25 ಎನ್ನಿ.

ನಿಮ್ಮ ಪ್ರೊಗ್ರೆಸಿವ್ ಗಾಜಿನಲ್ಲಿ ಈ 1.25 ಇಲ್ಲವೆಂದಲ್ಲ. ಮೇಲೆ ದೂರ, ಕೆಳಗೆ ಓದು, ನಡುವೆ ಕಿರಿದಾದ ಒಂದು ಓಣಿ. ಪರದೆಯ ನೋಟ ಇರುವುದು ಆ ಓಣಿಯಲ್ಲಿ. ನೇರ ನೋಡಿದರೆ ಕಣ್ಣು ಮೇಲಿನ ದೂರದ ಭಾಗಕ್ಕೆ ಬೀಳುತ್ತದೆ, ಪರದೆ ಮಂಜು. ಆಗ ನಿಮಗೇ ಗೊತ್ತಿಲ್ಲದೆ ಗದ್ದ ಮೇಲೆತ್ತುತ್ತೀರಿ, ಓಣಿಯನ್ನು ಪರದೆಯ ಎದುರಿಗೆ ತರಲು. ಕುತ್ತಿಗೆ ನೋವಿನ ಮೂಲ ಅದು. ನನ್ನ ಅಂಗಡಿಗೆ ಬರುವ ಬ್ಯಾಂಕಿನವರು, ಅಕೌಂಟಿನವರು ಕುತ್ತಿಗೆಗೆ ಬೆಲ್ಟ್ ಕಟ್ಟಿಕೊಂಡು ಬಂದಾಗ ನಾನು ಮೊದಲು ನೋಡುವುದು ಅವರ ಮೂಗಿನ ಮೇಲಿರುವುದನ್ನೇ. ಇನ್ನು ಓಣಿಯ ಎಡಬಲಕ್ಕೆ ಗಾಜು ತಿರುಚಿದ ಹಾಗಿರುತ್ತದೆ. ಕಣ್ಣು ಮಾತ್ರ ಹೊರಳಿಸಿ ಮೂಲೆಯ ಕನ್ನಡಿ ನೋಡಲು ಹೋದರೆ ಅದು ಕಲಸಿಹೋಗುತ್ತದೆ, ತಲೆಯನ್ನೇ ತಿರುಗಿಸಬೇಕಾಗುತ್ತದೆ.

ಹಾಗಾಗಿ ಮೊದಲ ಖರೀದಿ ಮಾನಿಟರ್ ಅಲ್ಲ. ಆಟಕ್ಕೆಂದೇ ಒಂದು ಕನ್ನಡಕ, ಪೂರ್ತಿ ಗಾಜು ಒಂದೇ ನಂಬರ್. ನಿಮ್ಮ –0.75ಕ್ಕೆ 1.25 ಕೂಡಿಸಿದರೆ +0.50. ಇಷ್ಟೇ. ಅದನ್ನು ಹಾಕಿಕೊಂಡು ಬಾಗಿಲಾಚೆ ನೋಡಿದರೆ ಮಂಜಾಗುತ್ತದೆ, ಪತ್ರಿಕೆ ಓದಲೂ ಸಾಲದು. ಆದರೆ ಪರದೆ, ಸ್ಟೀರಿಂಗಿನ ಗುಂಡಿ, ಇಷ್ಟರ ಮಟ್ಟಿಗೆ ತಲೆ ಎತ್ತದೆ ಬಗ್ಗಿಸದೆ ಸ್ಪಷ್ಟ. ಎದ್ದು ಓಡಾಡುವಾಗ ಬದಲಿಸಲು ಮಾತ್ರ ಮರೆಯಬೇಡಿ. ಡೊಂಬಿವಲಿಯಲ್ಲೇ ಎಲ್ಲಾದರೂ ಮಾಡಿಸಿ, ಮಾಟುಂಗಾಕ್ಕೇ ಬರಬೇಕೆಂದಿಲ್ಲ. ಆದರೆ ಅಂಗಡಿಯಲ್ಲಿ ‘ಕಂಪ್ಯೂಟರ್ ಗ್ಲಾಸ್’ ಎಂದಷ್ಟೇ ಹೇಳಿದರೆ 60 ಸೆಂಟಿಮೀಟರಿನ ಅಂದಾಜಿಗೆ ಮಾಡಿಕೊಟ್ಟುಬಿಡುತ್ತಾರೆ. ‘85 ಸೆಂಟಿಮೀಟರ್’ ಎಂದು ಬರೆದುಕೊಂಡೇ ಹೋಗಿ. ಚೀಟಿ ಎರಡು ವರ್ಷ ಹಳೆಯದು, ಹಾಗಾಗಿ ಹೊಸದಾಗಿ ಪರೀಕ್ಷೆಯೂ ಆಗಲಿ. ಜೊತೆಗೆ ಕಣ್ಣಿನ ಒತ್ತಡ ನೋಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಅದು ಹಿಡಿತದಲ್ಲಿರುವಾಗಲೇ ನಂಬರ್ ತೆಗೆಸಿ, ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತದೆ.

ಈ ಕನ್ನಡಕ ಹಾಕಿ ಒಂದು ವಾರ ಹಳೆಯ ಮಾನಿಟರಿನಲ್ಲೇ ಓಡಿಸಿ ನೋಡಿ. ಕುತ್ತಿಗೆ ನೋವು ಹೋಗುತ್ತದೆ, ಅಕ್ಷರದ ಅಂಚು ಕೂಡ ತಿಳಿಯಾಗುತ್ತದೆ. ಅಕ್ಷರ ದೊಡ್ಡದಾಗುವುದಿಲ್ಲ. ಮಾನಿಟರಿನ ಮಾತು ಬರುವುದು ಅಲ್ಲಿಂದ.

ಈಗ ಮಗನ 27 ಇಂಚು 4ಕೆ. ಹುಡುಗರ ಲೆಕ್ಕದಲ್ಲಿ ಇದು ತಪ್ಪಲ್ಲ, ನಿಮ್ಮ ಲೆಕ್ಕದಲ್ಲಿ ತಪ್ಪು. ಹೆಚ್ಚಿನ ಆಟಗಳು ನಕ್ಷೆ, ಅಂಕಿ, ಅಕ್ಷರ ಇವನ್ನೆಲ್ಲ ಪರದೆಯ ಎತ್ತರದ ಇಂತಿಷ್ಟು ಪಾಲು ಎಂದು ಬರೆಯುತ್ತವೆ. ಅಂದರೆ ಮೂಲೆಯ ಆ ಕಿಲೋಮೀಟರ್ ಅಂಕಿ 1080ಪಿಯಲ್ಲೂ 4ಕೆಯಲ್ಲೂ ಪರದೆಯ ಅಷ್ಟೇ ಪಾಲು. 4ಕೆಯಲ್ಲಿ ನಯವಾಗುತ್ತದೆ, ದೊಡ್ಡದಾಗುವುದಿಲ್ಲ. ದೊಡ್ಡದಾಗಬೇಕಾದರೆ ಪರದೆಯೇ ದೊಡ್ಡದಾಗಬೇಕು. 24ರಿಂದ 27ಕ್ಕೆ ಹೋದರೆ ಎಂಟರಲ್ಲೊಂದು ಪಾಲು ಹೆಚ್ಚು, ನೀವು ಗಮನಿಸುವುದೂ ಕಷ್ಟ. 24ರಿಂದ 32ಕ್ಕೆ ಹೋದರೆ ಮೂರರಲ್ಲೊಂದು ಪಾಲು ಹೆಚ್ಚು. ಅದು ಕಣ್ಣಿಗೆ ಬೀಳುವ ವ್ಯತ್ಯಾಸ. ವಿಂಡೋಸಿನ ಅಕ್ಷರದ ಕಥೆ ಬೇರೆ, ಅಲ್ಲಿ ಅಕ್ಷರ ಹಿಗ್ಗಿಸುವ ಸ್ಕೇಲಿಂಗ್ 100ರಲ್ಲೇ ಇದ್ದರೆ 4ಕೆಯಲ್ಲಿ ಎಲ್ಲ ಇರುವೆಯಷ್ಟಾಗುತ್ತದೆ, ಅದನ್ನು 150ಕ್ಕೋ 200ಕ್ಕೋ ಏರಿಸಿ ಸರಿಮಾಡಿಕೊಳ್ಳಬೇಕು.

ಹಾಗಾದರೆ ಹೆಚ್ಚು ಪಿಕ್ಸೆಲ್ (ಚಿತ್ರ ಕಟ್ಟುವ ಚುಕ್ಕೆ) ಬೇಡವೇ ಅಂದರೆ, ಬೇಕು, ಹೆದ್ದಾರಿಯ ಬೋರ್ಡಿಗೆ. ದೂರದಲ್ಲಿರುವ ಬೋರ್ಡನ್ನು ಆಟ ಎಷ್ಟು ಪಿಕ್ಸೆಲ್‌ನಲ್ಲಿ ಬಿಡಿಸುತ್ತದೆಯೋ ಅಷ್ಟೇ ನಿಮಗೆ ಓದಲು ಸಿಗುವುದು. 1080 ಸಾಲಿನ ಬದಲು 1440 ಸಾಲು ಸಿಕ್ಕಿದರೆ ಅದೇ ಬೋರ್ಡು ಸ್ವಲ್ಪ ಮುಂಚೆಯೇ ಓದಲು ಬರುತ್ತದೆ. ಕಾಲೇಯಿಂದ ಡ್ಯೂಸ್‌ಬರ್ಗಿಗೆ ಸರಕು ಹೇರಿಕೊಂಡು ಹೊರಟವರಿಗೆ ಆ ಸ್ವಲ್ಪ ಸಾಕು, ತಿರುವು ತಪ್ಪುವುದಿಲ್ಲ.

ಎಷ್ಟರವರೆಗೆ ಲಾಭ ಎಂಬುದಕ್ಕೂ ನಮ್ಮ ಕಣ್ಣಿನ ಚಾರ್ಟಿನಲ್ಲೇ ಅಳತೆ ಇದೆ. 6/6 ಓದುವ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗದಷ್ಟು ಸೂಕ್ಷ್ಮವನ್ನು ಬೇರೆ ಮಾಡಿ ಗುರುತಿಸುತ್ತದೆ. 85 ಸೆಂಟಿಮೀಟರಿನಲ್ಲಿ ಅದು ಸುಮಾರು ಕಾಲು ಮಿಲಿಮೀಟರ್. 32 ಇಂಚಿನ 1440ಪಿ ಪರದೆಯಲ್ಲಿ ಒಂದು ಪಿಕ್ಸೆಲ್ 0.28 ಮಿಲಿಮೀಟರ್, ಅಲ್ಲಿಂದಲ್ಲಿಗೆ ಸರಿಹೋಯಿತು. ಅದೇ ಗಾತ್ರದ 4ಕೆಯಲ್ಲಿ 0.18. ಅಷ್ಟು ಸಣ್ಣದು ನಿಮ್ಮ ದೂರಕ್ಕೆ ಕಣ್ಣಿನ ಮಿತಿಯಾಚೆ. ಆದರೆ ನಿಮ್ಮ ಕಾರ್ಡು ಮಾತ್ರ 1440ಪಿಯ ಎರಡೂಕಾಲು ಪಟ್ಟು ಪಿಕ್ಸೆಲ್ ಹೊರಬೇಕು, 3060 ಅಲ್ಲಿ ಏದುಸಿರು ಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಅಂಗಡಿಯಲ್ಲಿ 32 ಇಂಚು ಅಗ್ಗಕ್ಕೆ ಸಿಕ್ಕಿದರೆ ಪೆಟ್ಟಿಗೆಯ ಮೇಲೆ 1920×1080 ಎಂದಿದೆಯೇ ನೋಡಿ. ಅದರಲ್ಲಿ ಪಿಕ್ಸೆಲ್ 0.37 ಮಿಲಿಮೀಟರ್, ಹೊಸ ಕನ್ನಡಕ ಹಾಕಿದ ದಿನವೇ ಜಾಳು ಜಾಳಾಗಿ ಕಂಡು ಬೇಸರ ಬರುತ್ತದೆ. ನಿಮಗೆ ಬೇಕಾದ್ದು 2560×1440.

ಅಂಗಡಿಯವನ 34 ಇಂಚಿನ ಅಗಲ ಪರದೆಗೆ ಒಂದೇ ಮಾತು. ಅದರ ಎತ್ತರ 27 ಇಂಚಿನದ್ದೇ, ಹೆಚ್ಚಿದ್ದೆಲ್ಲ ಎಡಬಲಕ್ಕೆ. ಅಕ್ಷರ 27ರಷ್ಟೇ. ಲಾರಿಯ ಕ್ಯಾಬಿನ್ನಿಗೆ ಅದು ಚಂದ ಕಾಣುತ್ತದೆ, ಸುಳ್ಳಲ್ಲ, ಎರಡೂ ಕಿಟಕಿ ಸಿಗುತ್ತವೆ. ನಿಮ್ಮ ದೂರು ಓದಲಾಗುವುದಿಲ್ಲ ಎಂಬುದಾದ್ದರಿಂದ ಬೇಡ ಎನ್ನುತ್ತೇನೆ.

ರಾತ್ರಿಯ ಮಸಿಯ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಏಕೆಂದರೆ ಅಂಗಡಿಯವರು ಯಾರೂ ಇದನ್ನು ಹೇಳುವುದಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕತ್ತಲಲ್ಲೂ ಮೊದಲಿನಷ್ಟು ಅರಳುವುದಿಲ್ಲ. ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹುಡುಗನ ಅಕ್ಷಿಪಟಲಕ್ಕೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಪಾಲಷ್ಟೇ ಅರವತ್ತರವರಿಗೆ ಮುಟ್ಟುವುದು. ಮುಟ್ಟಿದ ಬೆಳಕೂ ಒಳಗೆ ಚದುರುತ್ತದೆ, ಎದುರಿಗೆ ಬರುವ ಲಾರಿಯ ಹೆಡ್‌ಲೈಟಿನ ಸುತ್ತ ಪ್ರಭಾವಳಿ ಕಾಣುವುದು ಅದರಿಂದಲೇ. ಮಗನಿಗೆ ಕಡುಬೂದು, ಕಪ್ಪು ಎರಡೂ ಬೇರೆ ಬೇರೆ, ನಿಮಗೆ ಎರಡೂ ಒಂದೇ. ಹೀಗಾಗಿ ನಿಮ್ಮ ವಯಸ್ಸಿಗೆ ಪರದೆಯ ಕಾಂಟ್ರಾಸ್ಟ್, ಅಂದರೆ ಅದರ ಬಿಳುಪು ಕಪ್ಪಿಗಿಂತ ಎಷ್ಟು ಪಟ್ಟು ಬೆಳಕು ಎಂಬುದು, ಮುಖ್ಯ.

ಐಪಿಎಸ್ ಎಂಬ ಪರದೆಗಳಲ್ಲಿ ಕಾಂಟ್ರಾಸ್ಟ್ ಸಾಮಾನ್ಯವಾಗಿ ಸಾವಿರಕ್ಕೆ ಒಂದರ ಆಸುಪಾಸು, ಕಪ್ಪು ಸ್ವಲ್ಪ ಬೂದು ಹೊಡೆಯುತ್ತದೆ. ವಿಎ ಎಂಬುವುಗಳಲ್ಲಿ ಮೂರು ಸಾವಿರದ ಹತ್ತಿರ. ಬಣ್ಣ ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಕೆಡುವುದಿಲ್ಲ, ವಿಎಯಲ್ಲಿ ಕೆಡುತ್ತದೆ, ಆದರೆ ನೀವೊಬ್ಬರೇ ನೇರ ಕೂತು ನೋಡುವವರು. ವಿಎಗೆ ಇನ್ನೊಂದು ದೋಷ ಉಂಟು, ಕತ್ತಲ ದೃಶ್ಯದಲ್ಲಿ ಏನಾದರೂ ಬೇಗ ಸರಿದರೆ ಹಿಂದೆ ಮಸಿ ಎಳೆದ ಹಾಗೆ ಬಾಲ ಬರುತ್ತದೆ. ಗುಂಡು ಹಾರಿಸುವ ಆಟದವರು ಇದಕ್ಕೇ ವಿಎಯನ್ನು ಬೈಯುತ್ತಾರೆ. ನಲವತ್ತು ಟನ್ನಿನ ಲಾರಿಗೆ ಅಂಥ ಅವಸರವೇನೂ ಇಲ್ಲ. ನಾನೇ ಸಂಜೆ ಅಂಗಡಿ ಮುಚ್ಚಿದ ಮೇಲೆ ಆಡುವುದು ಕಾರ್ ರೇಸು, ವಿಎಯ ಮೇಲೆಯೇ, ಸೋಲುವುದಕ್ಕೆ ಆ ಬಾಲ ಕಾರಣ ಎಂದು ಹೇಳಿಕೊಳ್ಳುವ ಹಾಗಿಲ್ಲ. ಓಎಲ್‌ಇಡಿಯ ಕಪ್ಪು ಎಲ್ಲಕ್ಕಿಂತ ಚೆನ್ನ, ಆದರೆ ನಿಮ್ಮ ಮೂವತ್ತು ಸಾವಿರ ಮೀರುತ್ತದೆ. ಮೇಲಾಗಿ ದಿನವಿಡೀ ಒಂದೇ ಜಾಗದಲ್ಲಿ ಕೂರುವ ನಕ್ಷೆ, ಸ್ಪೀಡಿನ ಅಂಕಿ ಅದರ ಮೇಲೆ ಅಚ್ಚೊತ್ತುವ ಅಪಾಯವೂ ಇದೆ.

ಕತ್ತಲನ್ನು ಎತ್ತಿ ತೋರಿಸುವ ಒಂದು ಸೌಕರ್ಯ ಗೇಮಿಂಗ್ ಮಾನಿಟರುಗಳ ಮೆನುವಿನಲ್ಲಿರುತ್ತದೆ. ಬೆನ್‌ಕ್ಯೂ ಅದನ್ನು ಬ್ಲ್ಯಾಕ್ ಈಕ್ವಲೈಜರ್ ಎನ್ನುತ್ತದೆ, ಏಸೂಸ್ ಶ್ಯಾಡೋ ಬೂಸ್ಟ್, ಎಲ್‌ಜಿ ಬ್ಲ್ಯಾಕ್ ಸ್ಟೆಬಿಲೈಜರ್. ಎದುರಾಳಿ ಎಲ್ಲಿ ಅಡಗಿದ್ದಾನೆ ಎಂದು ಹುಡುಗರಿಗೆ ಕಾಣಲಿ ಎಂದು ಮಾಡಿದ್ದು. ನಿಮಗೆ ರಸ್ತೆಯ ಅಂಚು ಕಾಣುತ್ತದೆ. ಒಂದೆರಡು ಹೆಜ್ಜೆ ಏರಿಸಿದರೆ ಸಾಕು, ಪೂರ್ತಿ ಏರಿಸಿದರೆ ರಾತ್ರಿಯೇ ಮಬ್ಬು ಹಗಲಾಗುತ್ತದೆ. ಆಟದೊಳಗೆ ಎಫ್2 ಒತ್ತಿದರೆ ಪಕ್ಕದ ಕನ್ನಡಿಗಳು ಪರದೆಯ ಮೇಲ್ಮೂಲೆಗಳಲ್ಲೇ ಬಂದು ಕೂರುತ್ತವೆ, ಬಹುಶಃ ಇದು ನಿಮಗೆ ಗೊತ್ತಿರಬಹುದು.

ಕೋಣೆಯ ದೀಪ ಆರಿಸಿ ಆಡುತ್ತೀರಾದರೆ ಇವತ್ತೇ ನಿಲ್ಲಿಸಿ. ಕತ್ತಲಲ್ಲಿ ಪಾಪೆ ಅರಳುತ್ತದೆ, ಅರಳಿದಷ್ಟೂ ಫೋಕಸಿನ ತಪ್ಪು ಎದ್ದು ಕಾಣುತ್ತದೆ. ಬೆಳಕಿದ್ದರೆ ಪಾಪೆ ಕಿರಿದಾಗಿ ನಂಬರಿನ ಸಣ್ಣಪುಟ್ಟ ಕೊರತೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೆಣಸಿನ ಡಬ್ಬಿಯ ಮೇಲಿನ ತಾರೀಕು ಓದಲು ಬಿಸಿಲಿಗೆ ಹಿಡಿಯುತ್ತೀರಲ್ಲ, ಅದೇ ಉಪಾಯ. ಮಾನಿಟರಿನ ಹಿಂದಿನ ಗೋಡೆಗೆ ಬೆಳಕು ಬೀಳುವ ಹಾಗೆ ಸಣ್ಣದೊಂದು ಟ್ಯೂಬ್ ಹಾಕಿಸಿ, ನಿಮ್ಮ ಬೆನ್ನ ಹಿಂದೆ ಬೇಡ, ಅದು ಪರದೆಯಲ್ಲಿ ಕಾಣುತ್ತದೆ. ಕಿಟಕಿಯೂ ಹಾಗೆ: ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಮೇಜನ್ನು ಎಲ್ಲಿ ತಿರುಗಿಸುವುದು ಎಂದು ನೀವು ಕೇಳಿದರೆ ದಪ್ಪ ಪರದೆ ಹಾಕಿ ಎನ್ನುತ್ತೇನೆ, ಬಟ್ಟೆಯ ಪರದೆ. ಮಾನಿಟರಿನ ಮೇಲ್ಮೈ ಮ್ಯಾಟ್ ಇರಲಿ, ಹೊಳೆಯುವುದು ಬೇಡ.

ಎತ್ತರದ ವಿಷಯದಲ್ಲಿ ಪುಸ್ತಕದ ನಿಯಮ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ನಿಮಗೆ ಸ್ಟೀರಿಂಗ್ ಅಡ್ಡ ಬರುತ್ತದೆ. ಅದರ ಮೇಲ್ಭಾಗ ಪರದೆಯ ಕೆಳಗಿನ ನಾಲ್ಕು ಬೆರಳಷ್ಟನ್ನು ಮುಚ್ಚುತ್ತದೆ. ಹಾಗಾಗಿ ಪರದೆಯನ್ನು ಅಷ್ಟು ಎತ್ತಲೇಬೇಕು. ಪ್ರೊಗ್ರೆಸಿವ್ ಹಾಕಿ ಹೀಗೆ ಎತ್ತಿದ್ದರೆ ಕುತ್ತಿಗೆಯ ಗತಿ ಮುಗಿಯುತ್ತಿತ್ತು, ಒಂದೇ ನಂಬರಿನ ಗಾಜಿಗೆ ಚಿಂತೆಯಿಲ್ಲ. ಎತ್ತರ ಹೊಂದಿಸಲಾಗುವ ಸ್ಟ್ಯಾಂಡ್ ಇರುವುದನ್ನೇ ಕೇಳಿ, ಅಗ್ಗದವು ಬರೀ ಮುಂದಕ್ಕೆ ಹಿಂದಕ್ಕೆ ಬಾಗುತ್ತವೆ.

ಹರ್ಟ್ಜ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು, ಎಷ್ಟು ಬೇಕು ಎಂದು ನೀವು ಕೇಳಿಲ್ಲ, ಅಂಗಡಿಯವನು ಹೇಳದೆ ಬಿಡುವುದಿಲ್ಲ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಲಾರಿ ತಿರುಗುವಾಗ ಬೋರ್ಡು ಪರದೆಯ ಮೇಲೆ ಸರಿಯುತ್ತದಲ್ಲ, ಒಂದೊಂದು ಚಿತ್ರ ಕಡಿಮೆ ಹೊತ್ತು ನಿಂತಷ್ಟೂ ಆ ಅಕ್ಷರ ಕಲಸುವುದು ಕಡಿಮೆ. ವಯಸ್ಸಾದವರಿಗೆ ಇದು ಬೇಡ ಎನ್ನುವವರು ಪರೀಕ್ಷೆ ಮಾಡಿ ನೋಡಿದವರಲ್ಲ. ಆದರೆ 144 ಅಥವಾ 165ಕ್ಕೆ ನಿಲ್ಲಿಸಿ, 240, 360ಕ್ಕೆ ಹಣ ಸುರಿಯಬೇಡಿ, ನಿಮ್ಮ ಕಾರ್ಡು ಅಷ್ಟು ಚಿತ್ರ ಕೊಡುವುದೂ ಇಲ್ಲ. ಕಾರ್ಡಿನ ವೇಗಕ್ಕೆ ಪರದೆ ಹೊಂದಿಕೊಳ್ಳುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದ್ದರೆ ಒಳ್ಳೆಯದು. ‘1 ಎಂಎಸ್’ ಮತ್ತು ‘ಎಚ್‌ಡಿಆರ್ 400’ ಚೀಟಿಗಳನ್ನು ಓದದ ಹಾಗೆ ಮುಂದೆ ಹೋಗಿ.

ಓದಲೇಬೇಕಾದ್ದು ‘ಫ್ಲಿಕರ್ ಫ್ರೀ’. ಕೆಲವು ಪರದೆಗಳು ಬೆಳಕು ತಗ್ಗಿಸುವುದು ಹಿಂಬದಿಯ ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸಿ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಪರೀಕ್ಷೆ ಹೀಗೆ: ಅಂಗಡಿಯಲ್ಲಿ ಪರದೆಯ ತುಂಬ ಬಿಳಿ ಪುಟ ತೆರೆಸಿ, ಬ್ರೈಟ್‌ನೆಸ್ 20ಕ್ಕೆ ಇಳಿಸಿ, ಎದುರಿಗೆ ಪೆನ್ನನ್ನು ಬೀಸಣಿಗೆಯ ಹಾಗೆ ಬೇಗ ಆಡಿಸಿ. ಪೆನ್ನು ಒಂದೇ ಮಂಜಾಗಿ ಹರಡಿದರೆ ಸರಿ, ಬಿಡಿ ಬಿಡಿ ಕಡ್ಡಿಗಳಾಗಿ ಕಂಡರೆ ಮಿನುಗುತ್ತಿದೆ ಎಂದರ್ಥ. ಬ್ರೈಟ್‌ನೆಸ್ ಪೂರ್ತಿ ಇದ್ದಾಗ ಈ ಮಿನುಗು ಇರುವುದೇ ಇಲ್ಲ, ಶೋರೂಮಿನಲ್ಲಿ ಯಾವಾಗಲೂ ಪೂರ್ತಿ ಇಟ್ಟಿರುತ್ತಾರೆ. ಹಾಗಾಗಿ ಇಳಿಸಲು ಹೇಳುವುದಕ್ಕೆ ನಾಚಬೇಡಿ.

ಒಟ್ಟಿನಲ್ಲಿ ಅಂಗಡಿಯಲ್ಲಿ ನೀವು ಕೇಳಬೇಕಾದ್ದು: 32 ಇಂಚು, 2560×1440, ವಿಎ, 144ರ ಮೇಲೆ, ಫ್ಲಿಕರ್ ಫ್ರೀ, ಎತ್ತರ ಹೊಂದುವ ಸ್ಟ್ಯಾಂಡ್. ಇವುಗಳಲ್ಲಿ ಹಲವು 1500ಆರ್ ಬಾಗು ಇರುತ್ತವೆ, ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ತುಂಡು ಎಂದಷ್ಟೇ ಅದರರ್ಥ, ತೊಂದರೆಯಿಲ್ಲ. ಮೂವತ್ತು ಸಾವಿರದೊಳಗೆ ಸಿಗುತ್ತದೆ, ಕನ್ನಡಕಕ್ಕೂ ಸ್ವಲ್ಪ ಉಳಿಸಿಕೊಳ್ಳಿ. ಮಾಡೆಲಿನ ಹೆಸರು ಬರೆಯುವುದಿಲ್ಲ, ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಅಂಗಡಿಯಲ್ಲಿ ಬೇರೆಯದೇ ಇರುತ್ತದೆ.

ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಹೊಸ ಕನ್ನಡಕ, ಟೇಪು ಎರಡೂ ಜೊತೆಗಿರಲಿ. ಕೌಂಟರಿನ ಮೇಲೆ ಬಗ್ಗಿ ಮೂಗು ತಾಗಿಸಿ ನೋಡಿದರೆ ಎಲ್ಲ ಪರದೆಯೂ ಚಂದ, 85 ಸೆಂಟಿಮೀಟರ್ ಅಳೆದು ನಿಂತು ನೋಡಿ. ವಾರದ ನಡುವೆ ಮಧ್ಯಾಹ್ನ ಹೋದರೆ ಹುಡುಗರಿಗೆ ಪುರುಸೊತ್ತಿರುತ್ತದೆ. ಪೆಟ್ಟಿಗೆಯನ್ನು ಗ್ರಾಂಟ್ ರೋಡಿನಿಂದ ಲೋಕಲ್ ಹತ್ತಿಸಿ, ದಾದರಿನಲ್ಲಿ ಇಳಿಸಿ, ಮತ್ತೆ ಡೊಂಬಿವಲಿ ಫಾಸ್ಟಿಗೆ ತುರುಕುವ ಸಾಹಸ ಬೇಡ, ಮನೆಗೆ ಕಳಿಸಲು ಹೇಳಿ. ಬಂದಾಗ ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಬಿಳಿ, ಕಪ್ಪು, ಕೆಂಪು ಪುಟ ಹಾಕಿ ಸತ್ತ ಪಿಕ್ಸೆಲ್ ಇದೆಯೇ ನೋಡಿ. ಹಳೆಯ ಮಾನಿಟರಿನ ಎಚ್‌ಡಿಎಂಐ ಕೇಬಲನ್ನು ಚುಚ್ಚಿ ಸುಮ್ಮನಾಗಬೇಡಿ, ಕಾರ್ಡಿನ ಡಿಸ್‌ಪ್ಲೇಪೋರ್ಟಿಗೆ ಹೊಸ ಕೇಬಲ್ ಹಾಕಿ. ಆಮೇಲೂ ವಿಂಡೋಸು 60 ಹರ್ಟ್ಜ್‌ನಲ್ಲೇ ಕೂತಿರಬಹುದು. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಒಳಗೆ ಹೋಗಿ ಅಲ್ಲಿ ಬದಲಿಸಬೇಕು. 144ಕ್ಕೆ ಹಣ ಕೊಟ್ಟು ವರ್ಷಗಟ್ಟಲೆ 60ರಲ್ಲಿ ಆಡುವವರು ಬೇಕಾದಷ್ಟು ಜನ ಇದ್ದಾರೆ.

ಅತ್ತಿಗೆಯವರಿಗೆ ಹೇಳಿ, ಕಣ್ಣಿಗೆ ತಕ್ಕ ಹಾಗೆ ಮೇಜನ್ನೇ ಹೊಂದಿಸಿಕೊಳ್ಳಬಹುದು, ಆಟ ಬದಲಿಸಬೇಕಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 54. ಕಂಪ್ಯೂಟರನ್ನು ಹಾಲಿನ 43 ಇಂಚಿನ 4ಕೆ ಟಿವಿಗೇ ಜೋಡಿಸಿ ಆಡುತ್ತಿದ್ದೇನೆ. ಅಕ್ಷರ ದೊಡ್ಡದಾಗಿದೆ, ಆದರೆ ಕೆಂಪು ಅಕ್ಷರದ ಸುತ್ತ ಕಲೆ ಹರಡಿದ ಹಾಗೆ ಕಾಣುತ್ತದೆ. ಮೌಸ್ ಆಡಿಸಿದರೆ ಬಾಣ ತಡವಾಗಿ ಬರುತ್ತದೆ. ಕಣ್ಣಿನ ದೋಷವೋ ಟಿವಿಯದ್ದೋ?
— ಒಬ್ಬ ಓದುಗಿ, ಕೋಥ್‌ರೂಡ್, ಪುಣೆ

ಉತ್ತರ: ಟಿವಿಯದ್ದು, ಅದೂ ದೋಷವಲ್ಲ, ಸೆಟ್ಟಿಂಗು. ಸಿನಿಮಾಕ್ಕೆ ಬಣ್ಣದ ವಿವರ ಕಡಿಮೆ ಇದ್ದರೂ ನಡೆಯುತ್ತದೆಂದು ಟಿವಿಗಳು ಬೆಳಕನ್ನು ಪೂರ್ತಿ, ಬಣ್ಣವನ್ನು ಅರೆಬರೆ ತೋರಿಸುತ್ತವೆ. ಬಣ್ಣದ ಅಕ್ಷರದಲ್ಲಿ ಅದು ಕಲೆಯಾಗಿ ಕಾಣುತ್ತದೆ. ಟಿವಿಯಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಿಸಿ, ಹಲವು ಟಿವಿಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಬಾಣ ತಡವಾಗುವುದಕ್ಕೆ ‘ಗೇಮ್ ಮೋಡ್’ ಹಾಕಿ, ಚಿತ್ರ ನಯಮಾಡುವ ಸೌಕರ್ಯಗಳನ್ನೆಲ್ಲ ಆರಿಸಿ. ಶಾರ್ಪ್‌ನೆಸ್ ಏರಿಸಿದರೆ ಚೆನ್ನಾಗಿ ಕಾಣುತ್ತದೆಂಬ ಆಸೆಯನ್ನು ಬಿಡಿ, ಅಕ್ಷರದ ಸುತ್ತ ಬಿಳಿ ಗೆರೆ ಬರುವುದು ಅದರಿಂದ. ಮೀಟರಿಗಿಂತ ಹತ್ತಿರ ಕೂರದಿದ್ದರೆ 43 ಇಂಚು ನಿಮ್ಮ ವಯಸ್ಸಿಗೆ ಒಳ್ಳೆಯ ಮಾನಿಟರೇ, ಹೊಸದು ಕೊಳ್ಳಬೇಡಿ. ಮೀಟರಿಗೆ ಕನ್ನಡಕದ ಲೆಕ್ಕವೂ ಸುಲಭ, ದೂರದ ನಂಬರಿಗೆ ಒಂದು ಕೂಡಿಸಿ.

ಪ್ರಶ್ನೆ: ನನಗೆ 66. ಬಲಗಣ್ಣಿನ ಪೊರೆ ತೆಗೆದು ಮಸೂರ ಹಾಕಿ ಎರಡು ವಾರವಾಯಿತು, ಎಡಗಣ್ಣಿನದ್ದು ಬಾಕಿ. ಪರದೆ ಬಲಗಣ್ಣಿಗೆ ನೀಲಿ ಬಿಳುಪು, ಎಡಗಣ್ಣಿಗೆ ಚಹದ ಬಣ್ಣ. ಮಾನಿಟರ್ ಹಳೆಯದಾಯಿತೆಂದು ಹೊಸದಕ್ಕೆ ಹಣ ತೆಗೆದಿಟ್ಟಿದ್ದೇನೆ. ಮೊಮ್ಮಗನೊಂದಿಗೆ ಕ್ರಿಕೆಟ್ ಆಟ ಆಡುವುದಕ್ಕೆ.
— ವಿ. ಎನ್., ವಾಸ್ಕೋ, ಗೋವಾ

ಉತ್ತರ: ಹಣ ಹಾಗೇ ಇರಲಿ, ಈಗ ಕೊಳ್ಳಬೇಡಿ. ನೀವು ಇಷ್ಟು ವರ್ಷ ಲೋಕವನ್ನು ನೋಡುತ್ತಿದ್ದದ್ದು ಆ ಚಹದ ಬಣ್ಣದಲ್ಲೇ, ಬಲಗಣ್ಣು ಈಗ ಸರಿ ತೋರಿಸುತ್ತಿದೆ. ಮಾನಿಟರಿನದೇನೂ ತಪ್ಪಿಲ್ಲ. ಎರಡನೇ ಕಣ್ಣೂ ಆಗಿ, ಗಾಯ ಮಾಗಿ, ನಂಬರ್ ಒಂದೆಡೆ ನಿಲ್ಲಲಿ, ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಒಂದೇ ದೂರದ ಮಸೂರ ಹಾಕಿದ್ದರೆ ಅದು ದೂರಕ್ಕೋ ಓದಿಗೋ ಎಂದು ಡಾಕ್ಟರರನ್ನು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ದೂರಕ್ಕಾದರೆ ಪರದೆಗೆ ಕನ್ನಡಕ ಬೇಕೇ ಬೇಕು. ಎಡಗಣ್ಣಿನ ಆಪರೇಷನ್ನಿಗೆ ಮೊದಲೇ ‘ನಾನು ದಿನಕ್ಕೆ ಇಷ್ಟು ಹೊತ್ತು ಇಷ್ಟು ದೂರದ ಪರದೆ ನೋಡುತ್ತೇನೆ’ ಎಂದು ಅವರಿಗೆ ಹೇಳಿ, ಮಸೂರದ ಆಯ್ಕೆಗೆ ಅದು ಬೇಕಾಗುತ್ತದೆ. ನಡುವೆ ಯಾವ ಕಣ್ಣಲ್ಲಾದರೂ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳ ಮಳೆ ಬಿದ್ದ ಹಾಗಾದರೆ, ನೋಟದ ಪಕ್ಕದಿಂದ ಕಪ್ಪು ತೆರೆ ಎಳೆದ ಹಾಗಾದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಅಕ್ಷಿಪಟಲ ಕಳಚುತ್ತಿರುವ ಲಕ್ಷಣವಿರಬಹುದು, ಮರುದಿನದವರೆಗೆ ಕಾಯುವ ವಿಷಯವಲ್ಲ.

ಪ್ರಶ್ನೆ: ಗೇಮ್ ಆಡುವಾಗ ಕಣ್ಣು ಉರಿಯುತ್ತದೆ. ನೀಲಿ ಬೆಳಕು ತಡೆಯುವ ಗಾಜು ಹಾಕಿಸಲೇ?
— ಪಿ. ಆರ್., ಠಾಣೆ

ಉತ್ತರ: ನನ್ನ ಅಂಗಡಿಯಲ್ಲೂ ಮಾರುತ್ತೇನೆ, ಆದರೂ ಬೇಡ ಎನ್ನುತ್ತೇನೆ. 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕೊಕ್ರೇನ್ ಸಂಸ್ಥೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸಕ್ಕೆ ಸಾಮಾನ್ಯ ಗಾಜಿಗಿಂತ ಈ ಗಾಜಿನಿಂದ ಹೆಚ್ಚಿನ ಪ್ರಯೋಜನ ಬಹುಶಃ ಇಲ್ಲ ಎಂದಿತು. ನಿಮ್ಮ ಉರಿ ನೀಲಿಯದ್ದಲ್ಲ, ಒಣಗಿದ್ದು. ಆಟದಲ್ಲಿ ಮುಳುಗಿದಾಗ ರೆಪ್ಪೆ ಬಡಿಯುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ವಯಸ್ಸಾದರೆ ಕಣ್ಣೀರೂ ಕಡಿಮೆ. ಫ್ಯಾನು, ಎಸಿಯ ಗಾಳಿ ಮುಖಕ್ಕೆ ನೇರ ಹೊಡೆಯದಿರಲಿ. ಪ್ರತಿ ಲೆವೆಲ್ ಲೋಡ್ ಆಗುವಾಗ ಪರದೆ ಬಿಟ್ಟು ಕಿಟಕಿಯಾಚೆ ನೋಡಿ, ನಾಲ್ಕು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಉರಿ ಹೋಗದಿದ್ದರೆ ಡಾಕ್ಟರರ ಬಳಿ ಕೃತಕ ಕಣ್ಣೀರಿನ ಹನಿ ಕೇಳಿ. ಕೆಂಪು ಕಡಿಮೆ ಮಾಡುವ ಹನಿಗಳನ್ನು ಮೆಡಿಕಲ್‌ನಿಂದ ತಾವೇ ತಂದು ಹಾಕಿಕೊಳ್ಳಬೇಡಿ. ನೀಲಿ ಗಾಜಿಗೆ ಎತ್ತಿಟ್ಟ ಹಣದಲ್ಲಿ ಪ್ರತಿಫಲನ ತಡೆಯುವ ಲೇಪ ಹಾಕಿಸಿಕೊಳ್ಳಿ, ಟ್ಯೂಬ್‌ಲೈಟಿನ ಪ್ರತಿಬಿಂಬ ಗಾಜಿನೊಳಗೆ ಕುಣಿಯುವುದು ತಪ್ಪುತ್ತದೆ.